ಯುದ್ಧಕಾಲದ ಹೆಲ್ಮೆಟ್ ಅಸಲಿಯೋ ನಕಲಿಯೋ: ಬೆಳಗಾವಿ ಭಾಗದ ಸಂಗ್ರಾಹಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಟ್ಟ ಹತ್ತಿದರೆ ಏನೇನೋ ಸಿಗುತ್ತವೆ. ಸೊಟ್ಟಗಾದ ತಾಮ್ರದ ಹಂಡೆ, ಮುರಿದ ಕೂರಿಗೆ, ಕೈ ಕಳೆದುಕೊಂಡ ಬೀಸುಕಲ್ಲು. ಕೆಲವು ಮನೆಗಳಲ್ಲಿ ಇವುಗಳ ಜೊತೆ ಒಂದು ಕಬ್ಬಿಣದ ಟೊಪ್ಪಿಗೆಯೂ ಇರುತ್ತದೆ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಇಲ್ಲೇ ಇದೆ. ಸುತ್ತಲಿನ ಊರುಗಳಿಂದ ಫೌಜಿಗೆ ಹೋದವರಿಗೆ ಲೆಕ್ಕವಿಲ್ಲ. ಹಾಗಾಗಿ ಹಳೆಯ ಹೆಲ್ಮೆಟ್ ಹುಡುಕುವ ಹವ್ಯಾಸಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ.

ಅಂಥದ್ದೊಂದು ಕೈಗೆ ಸಿಕ್ಕರೆ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಕ್ರಮ ಮುಖ್ಯ. ಹೊಸಬರು ಮೊದಲು ಕಥೆ ಕೇಳಿ, ಆ ಕಥೆಯ ಕಣ್ಣಿನಿಂದಲೇ ಹೆಲ್ಮೆಟ್ ನೋಡುತ್ತಾರೆ. ಆಗ ಎಲ್ಲವೂ ಅಸಲಿಯಾಗೇ ಕಾಣುತ್ತದೆ. ಮೊದಲು ಉಕ್ಕು ನೋಡಿ, ಆಮೇಲೆ ಮುದ್ರೆ, ಆಮೇಲೆ ಒಳಗಿನ ಗಾದಿ, ಬಣ್ಣ. ಕಥೆ ಕೊನೆಗಿರಲಿ. ಕಥೆಗೆ ಬೆಲೆ ಇಲ್ಲ ಅಂತಲ್ಲ. ನಮ್ಮ ಭಾಗದಲ್ಲಿ ಕಾಗದಪತ್ರ ಸಮೇತ ಸಿಗುವ ಕಥೆ ಹೆಲ್ಮೆಟ್‌ಗಿಂತ ಅಪರೂಪ. ಆದರೆ ಕಥೆ ನಿಜವೋ ಸುಳ್ಳೋ ಅಂತ ತೂಗಿ ನೋಡಲು ಕೈಯಲ್ಲಿ ಗಟ್ಟಿ ಸಾಕ್ಷಿ ಇರಬೇಕಲ್ವಾ?

ಚೀಲದಲ್ಲಿ ಇರಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಸಣ್ಣ ಮ್ಯಾಗ್ನೆಟ್ ಸಾಕು, ಹಳೆಯ ಸ್ಪೀಕರಿನದ್ದಾದರೂ ನಡೆಯುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವ ಭೂತಗನ್ನಡಿ, ದರ್ಜಿಯ ಟೇಪು, ಒಂದು ಟಾರ್ಚು. ಖೋಟಾನೋಟು ಹಿಡಿಯಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ಬೆಳಕಿನ ಸಣ್ಣ ಟಾರ್ಚು ಇದ್ದರೆ ಇನ್ನೂ ಒಳ್ಳೆಯದು. ಮೊಬೈಲು ಹೇಗೂ ಇರುತ್ತದೆ. ಸ್ಕ್ರೂಡ್ರೈವರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಎಂಬತ್ತು ವರ್ಷ ಅಲುಗಾಡದ ಸ್ಕ್ರೂವನ್ನು ಕುತೂಹಲಕ್ಕೆ ತಿರುಗಿಸಿ ಮುರಿದವರನ್ನು ನೋಡಿದ್ದೇನೆ.

ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ರೆಜಿಮೆಂಟಿನ ಮ್ಯೂಸಿಯಂ ಇದೆ. ಅದು ಸೇನೆಯ ಜಾಗ, ಅನುಮತಿ ಕೇಳಿಕೊಂಡೇ ಹೋಗಬೇಕು. ಆ ಕಾಲದ ಸಾಮಾನಿನ ಬಣ್ಣ, ಚರ್ಮ, ಕ್ಯಾನ್ವಾಸ್ ಹೇಗೆ ಹಳತಾಗುತ್ತವೆ ಅಂತ ಒಂದು ಸಲ ಕಣ್ಣಾರೆ ಕಂಡರೆ, ನಕಲಿಯವರು ಹಚ್ಚಿದ ‘ಹಳೆಯತನ’ ತಾನೇ ಎದ್ದು ಕಾಣತೊಡಗುತ್ತದೆ.

ಎಲ್ಲಿ ಹುಡುಕುವುದು

ಭಂಗಾರದ, ಅಂದರೆ ಗುಜರಿ ಅಂಗಡಿಗಳಿಂದ ಶುರುಮಾಡಿ. ಖಡೇಬಜಾರ್, ಶಹಾಪುರ, ಕ್ಯಾಂಪ್ ಕಡೆ ಹಳೆಯ ಮನೆ ಖಾಲಿ ಮಾಡಿದಾಗ ಸಾಮಾನು ಮೊದಲು ಹೋಗುವುದು ಭಂಗಾರದವರ ಹತ್ತಿರವೇ. ಅವರಿಗೆ ಕಬ್ಬಿಣ ಅಂದರೆ ಕಿಲೋ ಲೆಕ್ಕ. ನಿಮ್ಮ ನಂಬರ್ ಕೊಟ್ಟು, ಇಂಥದ್ದು ಬಂದರೆ ಗುಜರಿ ಲಾರಿಗೆ ಹಾಕುವ ಮೊದಲು ಒಂದು ಫೋನ್ ಮಾಡಿ ಅಂತ ಹೇಳಿ ಬನ್ನಿ. ಹೆಲ್ಮೆಟ್ ಚಿತ್ರ ತೋರಿಸಿ ಹೇಳಿ. ಬರೀ ‘ಮಿಲ್ಟ್ರಿ ಹೆಲ್ಮೆಟ್’ ಅಂದರೆ ಬೈಕಿನ ಹೆಲ್ಮೆಟ್ ತೆಗೆದಿಟ್ಟಿರುತ್ತಾರೆ.

ಹಳ್ಳಿ ಮನೆಗಳ ಮಾತು ಬೇರೆ. ಅಲ್ಲಿ ಹೆಲ್ಮೆಟ್ ಕೋಳಿಗೆ ನೀರಿಡುವ ಬಟ್ಟಲಾಗಿರಬಹುದು, ಹಿಂಡಿ ನೆನೆಸುವ ಬೋಗುಣಿಯಾಗಿರಬಹುದು. ಆದರೂ ಅದು ಆ ಮನೆಯ ಹಿರಿಯರ ಗುರುತು. ಹೋದ ಕೂಡಲೇ ‘ಎಷ್ಟಕ್ಕೆ ಕೊಡ್ತೀರಿ’ ಅನ್ನಬೇಡಿ. ಕೂತು, ಚಹಾ ಕುಡಿದು, ‘ಮುತ್ಯಾ ಯಾವ ಪಲ್ಟನ್ನಾಗ ಇದ್ರು, ಯಜಮಾನ್ರ?’ ಅಂತ ಕೇಳಿ. ಮಾರುವ ಮನಸ್ಸಿಲ್ಲದಿದ್ದರೆ ಫೋಟೋ ತೆಗೆದುಕೊಂಡು, ಹೇಗೆ ಕಾಪಾಡಬೇಕು ಅಂತ ಹೇಳಿ ಬನ್ನಿ. ಕೆಲವು ಹೆಲ್ಮೆಟ್‌ಗಳು ಆ ಮನೆಯಲ್ಲೇ ಇರುವುದು ಸರಿ.

ಆನ್‌ಲೈನಲ್ಲಿ ಕೊಳ್ಳುವವರಿಗೆ ಒಂದೇ ಮಾತು. ಒಳಗಿನ ಫೋಟೋ, ಅಂಚಿನ ಕೆಳಭಾಗದ ಫೋಟೋ, ಮುದ್ರೆಯ ಫೋಟೋ ಕಳಿಸದವರ ಹತ್ತಿರ ಕೊಳ್ಳಬೇಡಿ. ಚಿತ್ರೀಕರಣಕ್ಕೆ, ಯುದ್ಧದ ಮರುಪ್ರದರ್ಶನಕ್ಕೆ ಅಂತ ನಕಲು ಹೆಲ್ಮೆಟ್ ತಯಾರಿಸುವವರು ನಮ್ಮ ದೇಶದಲ್ಲೇ ಇದ್ದಾರೆ. ನಕಲು ಅಂತ ಹೇಳಿಯೇ ಮಾರಿದರೆ ತಪ್ಪೇನಿಲ್ಲ. ಎರಡನೇ ಕೈಗೆ ಹೋದಾಗ ಆ ಮಾತು ಬಿಟ್ಟುಹೋಗುತ್ತದೆ, ಅದೇ ತೊಂದರೆ.

ಹಂತ 1: ಆಕಾರದಿಂದ ದೇಶ ಗುರುತಿಸಿ

ಇಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಬ್ರಿಟಿಷ್ ಮಾದರಿಯವು. ಸುತ್ತಲೂ ಅಗಲ ಅಂಚು, ನಡುವೆ ತಗ್ಗು ಗುಮ್ಮಟ, ಬೋರಲು ಹಾಕಿದ ತಟ್ಟೆಯ ಹಾಗೆ. ಇದೇ ಬ್ರೋಡಿ ಹೆಲ್ಮೆಟ್. ಜಾನ್ ಬ್ರೋಡಿ 1915ರಲ್ಲಿ ಇದರ ಪೇಟೆಂಟ್ ಪಡೆದ. ಮೇಲಿಂದ ಸಿಡಿಯುವ ಗುಂಡಿನ ಚೂರುಗಳಿಂದ ತಲೆ, ಹೆಗಲು ಕಾಯುವುದು ಉದ್ದೇಶ. ಕಂದಕದಲ್ಲಿ ಕೂತವನಿಗೆ ಅಪಾಯ ಬರುವುದು ಮೇಲಿಂದಲೇ ತಾನೆ. ಮೊದಲ ಮಹಾಯುದ್ಧದ್ದು ಮಾರ್ಕ್ 1. 1938ರ ಹೊತ್ತಿಗೆ ಬಂದದ್ದು ಮಾರ್ಕ್ 2, ಎರಡನೇ ಮಹಾಯುದ್ಧದಲ್ಲಿ ನಮ್ಮ ಸೈನಿಕರ ತಲೆಯ ಮೇಲಿದ್ದದ್ದು ಬಹುಪಾಲು ಇದೇ. ಅಂಚು ಕಿರಿದಾಗಿ, ಚಿಪ್ಪು ಆಮೆಯ ಬೆನ್ನಿನಂತೆ ಕಿವಿಯ ಕಡೆ ಇಳಿದಿದ್ದರೆ ಅದು ಮಾರ್ಕ್ 3 ಅಥವಾ ಮಾರ್ಕ್ 4. ಮಾರ್ಕ್ 3 ಸೈನಿಕರ ಕೈಗೆ ಬಂದದ್ದು 1944ರಲ್ಲಿ, ನಾರ್ಮಂಡಿ ದಾಳಿಯ ಹೊತ್ತಿಗೆ.

ಅಮೆರಿಕದ ಎಂ1, ಜರ್ಮನಿಯ ಕಿವಿ ಮುಚ್ಚುವ ಹೆಲ್ಮೆಟ್, ಜಪಾನಿನ ನಕ್ಷತ್ರದ ಹೆಲ್ಮೆಟ್, ಇಟಲಿಯ ಎಂ33 ಇವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಬ್ರೋಡಿಯನ್ನೇ ಚೆನ್ನಾಗಿ ಕಲಿಯಿರಿ.

ಹಂತ 2: ಮ್ಯಾಗ್ನೆಟ್ ಹಚ್ಚಿ

ಸೇನೆಗೆಂದು ಮಾಡಿದ ಬ್ರೋಡಿಯ ಚಿಪ್ಪು ಹ್ಯಾಡ್‌ಫೀಲ್ಡ್ ಉಕ್ಕಿನದು. ಇದರಲ್ಲಿ ಸುಮಾರು ಶೇಕಡಾ 12ರಷ್ಟು ಮ್ಯಾಂಗನೀಸ್ ಇರುತ್ತದೆ. ಈ ಉಕ್ಕಿಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಉದ್ಯಮಬಾಗದ ಫೌಂಡ್ರಿಯವರನ್ನು ಕೇಳಿ ನೋಡಿ. ಕಲ್ಲು ಪುಡಿ ಮಾಡುವ ಕ್ರಷರಿನ ದವಡೆ ಪ್ಲೇಟುಗಳು ಇದೇ ಜಾತಿಯ ಉಕ್ಕಿನವು. ಹೊಡೆತ ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುವುದು ಇದರ ಗುಣ. ಕಲ್ಲಿನ ಹೊಡೆತ ತಡೆಯುವ ಗುಣವೇ ಸಿಡಿದ ಚೂರನ್ನೂ ತಡೆಯುತ್ತಿತ್ತು.

ಈಗ ಪರೀಕ್ಷೆ. ಮ್ಯಾಗ್ನೆಟನ್ನು ಮೊದಲು ಗುಮ್ಮಟಕ್ಕೆ ಹಚ್ಚಿ, ಆಮೇಲೆ ಅಂಚಿಗೆ ಸುತ್ತಿದ ತೆಳು ಪಟ್ಟಿಗೆ ಹಚ್ಚಿ. ಎರಡನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ.

ಚಿಪ್ಪಿಗೆ ಅಂಟದೆ ಅಂಚುಪಟ್ಟಿಗೆ ಮಾತ್ರ ಅಂಟಿದರೆ ನಿಮ್ಮ ಕೈಯಲ್ಲಿರುವುದು ಮೊದಲ ಮಹಾಯುದ್ಧದ ಚಿಪ್ಪಾಗಿರುವ ಸಾಧ್ಯತೆ ಜಾಸ್ತಿ. ಮಾರ್ಕ್ 1ರ ಅಂಚುಪಟ್ಟಿ ಮೆದು ಉಕ್ಕಿನದು. ಎರಡಕ್ಕೂ ಅಂಟದಿದ್ದರೆ ಮಾರ್ಕ್ 2, ಅದರ ಅಂಚು ಸ್ಟೇನ್‌ಲೆಸ್ ಸ್ಟೀಲಿನದು. ಎರಡಕ್ಕೂ ಗಟ್ಟಿಯಾಗಿ ಅಂಟಿದರೆ ಎಚ್ಚರ. ಅದು ನಾಗರಿಕ ರಕ್ಷಣೆಗೆ ಮಾಡಿದ ಮೆದು ಉಕ್ಕಿನದಿರಬಹುದು, ಕಾರ್ಖಾನೆ ಕಾವಲುಗಾರನದಿರಬಹುದು, ನಕಲೂ ಇರಬಹುದು. ಅಂಚುಪಟ್ಟಿಯೇ ಇಲ್ಲದೆ ಬರೀ ಕತ್ತರಿಸಿದ ಅಂಚಿದ್ದರೆ ಎರಡೇ ದಾರಿ: 1915ರ ಕೊನೆಯಿಂದ 1916ರವರೆಗಿನ ಮೊದಲ ಮಾದರಿ, ಇಲ್ಲವೇ ಪಟ್ಟಿ ಕಳಚಿ ಹೋದದ್ದು. ಮೊದಲನೆಯದು ಬಹಳ ಅಪರೂಪ. ಸಿಕ್ಕಿತು ಅಂತ ಕುಣಿಯುವ ಮೊದಲು ಅಂಚಿನ ಸುತ್ತ ಪಟ್ಟಿ ಕೂತಿದ್ದ ಗೆರೆ ಇದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ.

ಮ್ಯಾಗ್ನೆಟ್ಟೇ ಕೊನೆಯ ತೀರ್ಪಲ್ಲ. ಜರ್ಮನ್, ಜಪಾನಿ, ಇಟಾಲಿಯನ್ ಹೆಲ್ಮೆಟ್‌ಗಳ ಅಸಲಿ ಚಿಪ್ಪಿಗೂ ಮ್ಯಾಗ್ನೆಟ್ ಅಂಟುತ್ತದೆ. ಅಲ್ಲಿ ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಹಂತ 3: ಮುದ್ರೆ ಓದಿ

ಹೆಲ್ಮೆಟನ್ನು ಅಂಗಾತ ತಿರುಗಿಸಿ, ಗದ್ದದ ಪಟ್ಟಿ ಸಿಕ್ಕಿಸುವ ಕೊಂಡಿಗಳ ಹತ್ತಿರ ಅಂಚಿನ ಕೆಳಭಾಗ ನೋಡಿ. ಟಾರ್ಚನ್ನು ನೇರವಾಗಿ ಬಿಡಬೇಡಿ. ಪಕ್ಕದಿಂದ ಓರೆಯಾಗಿ ಬಿಟ್ಟರೆ ಬಣ್ಣದ ಅಡಿಯಲ್ಲಿರುವ ಅಕ್ಷರದ ನೆರಳು ಏಳುತ್ತದೆ. ಅದಕ್ಕೂ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೇ. ಮರಳು ಕಾಗದ ಹಾಕಿ ಬಣ್ಣ ಉಜ್ಜುವ ಯೋಚನೆ ಬಂದರೆ ಹೆಲ್ಮೆಟ್ ಕೆಳಗಿಟ್ಟು ಹೊರಗೊಂದು ಸುತ್ತು ಹಾಕಿ ಬನ್ನಿ.

ಮಾರ್ಕ್ 2ರಲ್ಲಿ ತಯಾರಕರ ಅಕ್ಷರ ಮತ್ತು ಇಸವಿ ಇರುತ್ತವೆ. ಉಕ್ಕಿನ ಎರಕದ ನಂಬರೂ ಇರುತ್ತದೆ. ಬಿಎಂಬಿ ಅಂದರೆ ಬ್ರಿಗ್ಸ್ ಮೋಟರ್ ಬಾಡೀಸ್, ಕಾರಿನ ಬಾಡಿ ಮಾಡುತ್ತಿದ್ದ ಕಂಪನಿ. ಎಚ್‌ಬಿಎಚ್ ಅಂದರೆ ಹ್ಯಾರಿಸನ್ ಬ್ರದರ್ಸ್ ಅಂಡ್ ಹೌಸನ್. ಜೆಎಸ್‌ಎಸ್ ಅಂದರೆ ಜೋಸೆಫ್ ಸ್ಯಾಂಕಿ ಅಂಡ್ ಸನ್ಸ್. ರೋಕೋ ಅಂತಿದ್ದರೆ ರೂಬರಿ ಓವೆನ್. ಯುದ್ಧಕಾಲದಲ್ಲಿ ಭಾರತದಲ್ಲೂ ಮಾರ್ಕ್ 2 ತಯಾರಾಗಿವೆ, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾಗಳಲ್ಲೂ ಆಗಿವೆ. ಹಾಗಾಗಿ ಬ್ರಿಟಿಷ್ ಪಟ್ಟಿಯಲ್ಲಿ ಆ ಅಕ್ಷರ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಮಾರ್ಕ್ 1ರಲ್ಲಿ ಇಸವಿ ಇರುವುದಿಲ್ಲ. ಉಕ್ಕಿನ ಕಂಪನಿಯ ಒಂದೆರಡು ಅಕ್ಷರ ಮತ್ತು ಎರಕದ ನಂಬರ್ ಮಾತ್ರ. ಎಚ್‌ಎಸ್ ಇದ್ದರೆ ಹ್ಯಾಡ್‌ಫೀಲ್ಡ್ಸ್, ಎಫ್‌ಎಸ್ ಇದ್ದರೆ ಥಾಮಸ್ ಫರ್ತ್. ‘1916’ ಅಂತ ದೊಡ್ಡದಾಗಿ ಹೊಡೆದಿರುವ ಬ್ರೋಡಿ ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ಮಾರ್ಕ್ 1ರ ಹಾಗೆಯೇ ಕಾಣುವ ಅಮೆರಿಕದ ಎಂ1917 ಕೂಡ ಇದೆ. ಕೊಂಡಿಯನ್ನು ಚಿಪ್ಪಿಗೆ ಹಿಡಿಸಿದ ರಿವೆಟ್ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬ್ರಿಟಿಷರದ್ದು ಒಳಗೆ ಎರಡು ಕಾಲು ಸೀಳಿ ಮಡಚುವ ರಿವೆಟ್, ಅಮೆರಿಕದ್ದು ಗಟ್ಟಿ ಗುಂಡು ರಿವೆಟ್.

ಇನ್ನು ತೂತುಗಳು. ಹೊಸಬರು ಇವನ್ನು ಗುಂಡಿನ ತೂತು ಅಂದುಕೊಳ್ಳುತ್ತಾರೆ, ಮಾರುವವರೂ ಹಾಗೇ ಹೇಳುತ್ತಾರೆ. ಸೇನೆಯ ಗುಣಮಟ್ಟಕ್ಕೆ ಬರದ ಚಿಪ್ಪುಗಳ ಅಂಚಿನಲ್ಲಿ ಸಣ್ಣ ಸಣ್ಣ ತೂತು ಕೊರೆದು ನಾಗರಿಕ ರಕ್ಷಣೆಗೆ ಕೊಡುತ್ತಿದ್ದರು. ವಾಯುದಾಳಿ ಕಾವಲುಗಾರರು, ಬೆಂಕಿ ಆರಿಸುವವರು ಇಂಥವನ್ನು ಹಾಕುತ್ತಿದ್ದರು. ಆದರೆ ಅಂಚಿನ ಹಿಂಭಾಗದಲ್ಲಿ ಮಾತ್ರ ಸಾಲಾಗಿ ಮೂರು ತೂತಿದ್ದರೆ ಅದು ದಕ್ಷಿಣ ಆಫ್ರಿಕಾದ್ದು. ಕುತ್ತಿಗೆಗೆ ಬಿಸಿಲು ತಾಗದಂತೆ ಬಟ್ಟೆ ಕಟ್ಟಲು ಇಟ್ಟ ತೂತುಗಳು ಅವು. ಎಷ್ಟು ತೂತು ಅನ್ನುವುದರ ಜೊತೆಗೆ ಎಲ್ಲಿವೆ ಅನ್ನುವುದನ್ನೂ ನೋಡಿ.

ಹಂತ 4: ಒಳಗಿನ ಗಾದಿ ಮತ್ತು ಪಟ್ಟಿ

ಚಿಪ್ಪು ಉಳಿಯುತ್ತದೆ, ಗಾದಿ ಉಳಿಯುವುದಿಲ್ಲ. ಎಣ್ಣೆಬಟ್ಟೆ, ಚರ್ಮ, ರಬ್ಬರು ನಮ್ಮ ಮಳೆಗೆ, ಇಲಿಗೆ, ಗೆದ್ದಲಿಗೆ ಬಲಿಯಾಗಿರುತ್ತವೆ. ಆದ್ದರಿಂದ ಗಾದಿ ಇಲ್ಲದ ಹೆಲ್ಮೆಟ್ ಅನುಮಾನದ್ದಲ್ಲ. ಹೊಚ್ಚಹೊಸ ಗಾದಿ ಇರುವ ಹಳೆಯ ಚಿಪ್ಪಿನ ಮೇಲೆಯೇ ಅನುಮಾನ ಬರಬೇಕು.

ಮೊದಲು ಗುಮ್ಮಟದ ನೆತ್ತಿ ನೋಡಿ. ಅಲ್ಲಿ ರಿವೆಟ್ ಇದ್ದರೆ ಮಾರ್ಕ್ 1ರ ಮೂಲ ಜೋಡಣೆ. ಸ್ಕ್ರೂ ಇದ್ದರೆ ಮಾರ್ಕ್ 2ರ ಜೋಡಣೆ. ಅದರ ಗಾದಿಯನ್ನು ನೆತ್ತಿಯ ಒಂದೇ ಸ್ಕ್ರೂ ಹಿಡಿದಿರುತ್ತದೆ, ಒಳಗೆ ಅಡ್ಡ ಪಟ್ಟಿಗಳು, ನಡುವೆ ರಬ್ಬರಿನ ಮೆತ್ತೆ. ಚಿಪ್ಪು ಮಾರ್ಕ್ 1ರದ್ದಾಗಿ, ನೆತ್ತಿಯಲ್ಲಿ ಸ್ಕ್ರೂ ಮತ್ತು ಮಾರ್ಕ್ 2ರ ಗಾದಿ ಇದ್ದರೆ ಯಾರೋ ಎರಡನ್ನು ಸೇರಿಸಿ ಮೋಸ ಮಾಡಿದ್ದಾರೆ ಅಂತ ತೀರ್ಮಾನಿಸಬೇಡಿ. ಎರಡನೇ ಯುದ್ಧದ ಹೊಸ್ತಿಲಲ್ಲಿ ಬ್ರಿಟಿಷರೇ ಹಳೆಯ ಚಿಪ್ಪುಗಳಿಗೆ ಹೊಸ ಗಾದಿ ಹಾಕಿ ಮತ್ತೆ ಹಂಚಿದ್ದರು. ಇದನ್ನು ಮಾರ್ಕ್ 1 ಸ್ಟಾರ್ ಅನ್ನುತ್ತಾರೆ. ನೆತ್ತಿಯ ಸ್ಕ್ರೂಗೆ ಕೂಡಿಸುವ ಗುರುತಿನ ತಲೆ ಇದ್ದರೆ ಮಾತ್ರ ಅದು ಇತ್ತೀಚಿನದು. ಆ ಕಾಲದ್ದಕ್ಕೆ ಒಂದೇ ಗೀರು.

ಗಾದಿಯ ಮೇಲೂ ತಯಾರಕರ ಹೆಸರು, ಅಳತೆ, ಇಸವಿ ಇರುತ್ತವೆ. ಗದ್ದದ ಪಟ್ಟಿಯ ಮೇಲೂ ಇರಬಹುದು. ಮೂರೂ ಒಂದೇ ವರ್ಷದ್ದಿರಬೇಕು ಅಂತೇನಿಲ್ಲ. ಚಿಪ್ಪು 1939, ಗಾದಿ 1941 ಆಗಿರುವುದು ಮಾಮೂಲು, ಸೇನೆಯ ಉಗ್ರಾಣದಲ್ಲಿ ಗಾದಿ ಬದಲಾಗುತ್ತಲೇ ಇತ್ತು. ಆದರೆ ಪಟ್ಟಿ 1952ರದ್ದಿದ್ದರೆ ಆ ಹೆಲ್ಮೆಟ್ ಯುದ್ಧದ ನಂತರವೂ ಬಳಕೆಯಲ್ಲಿತ್ತು ಅಂತ ಅರ್ಥ. ಸ್ವಾತಂತ್ರ್ಯದ ನಂತರವೂ ನಮ್ಮ ಸೇನೆ, ಪೊಲೀಸರು ಬ್ರಿಟಿಷ್ ಮಾದರಿಯ ಉಕ್ಕಿನ ಹೆಲ್ಮೆಟ್ ಹಾಕಿದ್ದಾರೆ.

ನೇರಳೆ ಬೆಳಕಿನ ಟಾರ್ಚು ಇಲ್ಲಿ ಕೆಲಸಕ್ಕೆ ಬರುತ್ತದೆ. ಕತ್ತಲಲ್ಲಿ ಹೊಲಿಗೆಯ ಮೇಲೆ ಬಿಡಿ. ಈಗಿನ ನೂಲು ನೀಲಿ ಬಿಳುಪಾಗಿ ಫಳ್ಳನೆ ಹೊಳೆಯುತ್ತದೆ, ಹಳೆಯ ಹತ್ತಿ ನೂಲು ಮಂಕಾಗಿಯೇ ಇರುತ್ತದೆ. ಯಾರಾದರೂ ಸೋಪಿನ ಪುಡಿ ಹಾಕಿ ತೊಳೆದಿದ್ದರೆ ಹಳೆಯ ನೂಲೂ ಹೊಳೆಯಬಹುದು. ಮನೆಯವರನ್ನು ಕೇಳಿ ತಿಳಿದುಕೊಳ್ಳಿ.

ಒಂದು ಎಚ್ಚರಿಕೆ. ಬ್ರಿಟಿಷ್ ಬ್ರೋಡಿಗಳ ಒಳಪದರದಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಪುಡಿಪುಡಿಯಾಗುವ ಗಾದಿಯನ್ನು ಊದಬೇಡಿ, ಬ್ರಷ್ ಹಾಕಬೇಡಿ. ಮಕ್ಕಳ ತಲೆಗಿಟ್ಟು ಫೋಟೋ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ.

ಒಂದನ್ನು ಹತ್ತಿರದಿಂದ ನೋಡೋಣ

ಬೆಳಗಾವಿಯ ಒಂದು ಭಂಗಾರದ ಅಂಗಡಿಯಲ್ಲಿ ಸಿಕ್ಕ ಹೆಲ್ಮೆಟ್ ಈಗ ನನ್ನ ಮೇಜಿನ ಮೇಲಿದೆ. ಹೊರಗೆ ಕಡು ಹಸಿರು ಎನಾಮೆಲ್ ಪೇಂಟು, ಅಂಗಡಿಯ ಶಟರಿಗೆ ಹಚ್ಚುವಂಥದ್ದು. ಎಡಗಡೆ ಅದು ಚಕ್ಕೆ ಎದ್ದಿದೆ. ಅಡಿಯಲ್ಲಿ ಒರಟೊರಟಾದ ಖಾಕಿ ಬಣ್ಣ, ಬೆರಳಾಡಿಸಿದರೆ ಸಣ್ಣ ಮರಳು ತಾಗಿದಂತಾಗುತ್ತದೆ. ಬಿಸಿಲಿಗೆ ಹೊಳೆದು ಶತ್ರುವಿಗೆ ಗುರಿಯಾಗಬಾರದು ಅಂತ ಆ ಕಾಲದಲ್ಲಿ ಬಣ್ಣವನ್ನು ಹೀಗೆ ಒರಟು ಮಾಡುತ್ತಿದ್ದರು. ಮ್ಯಾಗ್ನೆಟ್ ಚಿಪ್ಪಿಗೂ ಅಂಟಲಿಲ್ಲ, ಅಂಚಿಗೂ ಅಂಟಲಿಲ್ಲ. ಬಲಗೊಂಡಿಯ ಹತ್ತಿರ ಬಿಎಂಬಿ, ಪಕ್ಕದಲ್ಲಿ 1941, ನಾಲ್ಕರ ಮೇಲೆ ಹಸಿರು ಪೇಂಟು ತುಂಬಿಕೊಂಡಿದೆ. ಗಾದಿ ಇಲ್ಲ. ಆದರೆ ಗುಮ್ಮಟದ ಒಳಗೆ ಅಡ್ಡ ಪಟ್ಟಿಗಳು ತಾಗುತ್ತಿದ್ದಲ್ಲಿ ಬಣ್ಣ ತಿಳಿಯಾಗಿ ಉಳಿದು, ಸುತ್ತ ಕಂದು ತುಕ್ಕು ಕಟ್ಟಿದೆ. ನೆತ್ತಿಯ ತೂತಿನ ಅಂಚು ಸ್ಕ್ರೂ ತಿರುಗಿಸಿ ತಿರುಗಿಸಿ ನುಣುಪಾಗಿದೆ.

ತೂಕಕ್ಕೆ ಹಾಕಿ ಕೊಟ್ಟರು. ನನ್ನ ಮಟ್ಟಿಗೆ ಇದು ಕಪಾಟಿನ ಅತ್ಯಂತ ಪ್ರಾಮಾಣಿಕ ಹೆಲ್ಮೆಟ್. ಇದನ್ನು ಯಾರೂ ಹಳೆಯದು ಮಾಡಲು ಹೋಗಿಲ್ಲ, ಹೊಸದು ಮಾಡಲು ಹೋಗಿದ್ದಾರೆ ಅಷ್ಟೇ.

ಹಂತ 5: ಬಣ್ಣ, ತುಕ್ಕು, ಸವೆತ

ನಿಜವಾದ ಹಳೆಯ ತುಕ್ಕು ಕಡು ಕಂದು, ಗಟ್ಟಿಯಾಗಿ ಕೂತಿರುತ್ತದೆ. ಬೆರಳಿಗೆ ಕಿತ್ತಳೆ ಪುಡಿ ಹತ್ತಿದರೆ ಅದು ಇತ್ತೀಚಿನದು. ಉಪ್ಪುನೀರು, ಆಸಿಡ್, ಸಗಣಿಗುಂಡಿ ಹೀಗೆ ತುಕ್ಕು ಬರಿಸಲು ಏನೇನೋ ಉಪಾಯಗಳಿವೆ. ಆದರೆ ಸವೆತವನ್ನು ಸರಿಯಾದ ಜಾಗದಲ್ಲಿ ತರುವುದು ಕಷ್ಟ. ಹೆಲ್ಮೆಟ್ ನೆಲಕ್ಕಿಟ್ಟಾಗ ತಾಗುವ ಅಂಚು, ಕೈ ಹಿಡಿಯುವ ಮುಂಭಾಗ, ನೆತ್ತಿ, ಕೊಂಡಿಯ ಸುತ್ತ ಪಟ್ಟಿ ಉಜ್ಜಿದ ಜಾಗ ಇವು ಸಹಜವಾಗಿ ಸವೆಯುತ್ತವೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಮರಳು ಕಾಗದ ಕೆಲಸ ಮಾಡಿದೆ.

ಮೂಸಿ ನೋಡಿ. ಹೊಸ ಚರ್ಮಕ್ಕೆ ಚಹಾದ ನೀರು, ಬೂಟ್ ಪಾಲಿಶ್ ಹಚ್ಚಿ ಹಳೆಯದು ಮಾಡಿದರೆ ವಾಸನೆ ಸುಳ್ಳು ಹೇಳುವುದಿಲ್ಲ.

ಶತ್ರು ಸೇನೆಯ ಹೆಲ್ಮೆಟ್‌ಗಳು

ನಮ್ಮ ಸೈನಿಕರು ಯಾವ ಯಾವ ರಣರಂಗದಲ್ಲಿದ್ದರೋ ಅಲ್ಲಿಂದ ನೆನಪಿಗೆ ತಂದವು ಇವು. ಮರಾಠಾ ಪಲ್ಟನ್‌ಗಳು 1941ರಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಇಟಾಲಿಯನ್ನರ ವಿರುದ್ಧ, 1944ರಲ್ಲಿ ಇಂಫಾಲ ಹತ್ತಿರದ ಸಾಂಗ್‌ಶಾಕ್‌ನಲ್ಲಿ ಜಪಾನಿಯರ ವಿರುದ್ಧ, ಇಟಲಿಯಲ್ಲಿ ಜರ್ಮನ್ನರ ವಿರುದ್ಧ ಕಾದಿದ್ದವು. ಇಟಲಿಯಲ್ಲೇ ನಾಯಕ್ ಯಶವಂತ ಘಾಡ್ಗೆ 1944ರ ಜುಲೈನಲ್ಲಿ, ಸಿಪಾಯಿ ನಾಮದೇವ ಜಾಧವ 1945ರ ಏಪ್ರಿಲ್‌ನಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಜರ್ಮನ್ ಹೆಲ್ಮೆಟ್ ವಿಷಯದಲ್ಲಿ ಹೊಸಬರಿಗೆ ನನ್ನ ಸಲಹೆ: ಸದ್ಯಕ್ಕೆ ದೂರವಿರಿ. ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವುದು ಇದೇ. ಆದರೂ ಎದುರು ಬಂದರೆ ಇಷ್ಟು ನೋಡಿ. 1935ರ ಮಾದರಿಯಲ್ಲಿ ಗಾಳಿತೂತಿಗೆ ಬೇರೆ ಬಿಲ್ಲೆ ಕೂಡಿಸಿರುತ್ತಾರೆ, ಅಂಚು ಒಳಕ್ಕೆ ಮಡಚಿರುತ್ತದೆ. 1940ರಲ್ಲಿ ಗಾಳಿತೂತು ಚಿಪ್ಪಿನಲ್ಲೇ ಒತ್ತಿದ್ದು. 1942ರಲ್ಲಿ ಅಂಚು ಮಡಚದೆ ಹೊರಕ್ಕೆ ಬಾಗಿದೆ, ಖರ್ಚು ಉಳಿಸಲು. ಒಳಗೆ ಕಾರ್ಖಾನೆಯ ಅಕ್ಷರ ಮತ್ತು ಅಳತೆ ಇರುತ್ತದೆ, ‘ಇಟಿ 64’ ಅನ್ನುವ ಹಾಗೆ. ಇಟಿ ಅಂದರೆ ಥಾಲೆ ಊರಿನ ಕಾರ್ಖಾನೆ, ಕ್ಯೂ ಅಂದರೆ ಕ್ವಿಸ್ಟ್, ಇಎಫ್ ಅಂದರೆ ಫುಲ್ಡಾ. ಚಿಪ್ಪಿನ ಅಳತೆ ಯಾವಾಗಲೂ ಸಮಸಂಖ್ಯೆ. 65 ಅಂತ ಕಂಡರೆ ಅಲ್ಲಿಗೇ ಮಾತು ಮುಗಿಯಿತು. ಬದಿಯ ಚಿಹ್ನೆಗಳನ್ನಂತೂ ನಂಬಲೇಬೇಡಿ. ಅಸಲಿ ಚಿಪ್ಪಿನ ಮೇಲೆ ನಕಲಿ ಚಿಹ್ನೆ ಅಂಟಿಸಿ ಬೆಲೆ ಏರಿಸುವುದು ಹಳೆಯ ಧಂದೆ.

ಜಪಾನಿನ ಟೈಪ್ 90 ಗುಂಡಗೆ, ಸಣ್ಣ ಅಂಚಿನದು, ಮುಂದೆ ಐದು ಮೂಲೆಯ ನಕ್ಷತ್ರ. ನೌಕಾಪಡೆಯದಾದರೆ ಲಂಗರು. ಗದ್ದಕ್ಕೆ ಬಕಲ್ ಇಲ್ಲ, ಉದ್ದನೆಯ ಬಟ್ಟೆಯ ಲಾಡಿಗಳನ್ನು ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಲಾಡಿ ಹೋಗಿದ್ದರೂ ಅದನ್ನು ಪೋಣಿಸುತ್ತಿದ್ದ ಬಳೆಗಳು ಒಳಗೆ ಉಳಿದಿರುತ್ತವೆ. ಇಟಲಿಯ ಎಂ33ಕ್ಕೆ ಮೂರು ಗಾಳಿತೂತು, ಎರಡು ಬದಿಗೆ, ಒಂದು ಹಿಂದೆ. ಗಾದಿ ಹಿಡಿಯುವ ರಿವೆಟ್ಟೂ ಅವೇ. ಯುದ್ಧ ಮುಗಿದ ಮೇಲೂ ಇಟಲಿ ಇದನ್ನೇ ಬಹಳ ಕಾಲ ಬಳಸಿದ್ದರಿಂದ ಯುದ್ಧಕಾಲದ್ದು ಅಂತ ಬೇರ್ಪಡಿಸಲು ಬಣ್ಣದ ಪದರಗಳನ್ನೇ ನೋಡಬೇಕು.

ಅಮೆರಿಕದ ಎಂ1 ಶತ್ರುವಿನದಲ್ಲ, ಆದರೆ ಇಲ್ಲೇ ಹೇಳಿಬಿಡುತ್ತೇನೆ. ಯುದ್ಧಕಾಲದಲ್ಲೇ 2 ಕೋಟಿಗೂ ಹೆಚ್ಚು ತಯಾರಾದವು. ಅಂಚುಪಟ್ಟಿಯ ಎರಡು ತುದಿ ಸೇರುವ ಸೀಳು ಮುಂದಿದ್ದರೆ 1944ರ ಕೊನೆಗಿಂತ ಮೊದಲಿನದು, ಹಿಂದಿದ್ದರೆ ಆಮೇಲಿನದು. ಪಟ್ಟಿ ಸಿಕ್ಕಿಸುವ ಕೊಂಡಿ ಅಲುಗಾಡದೆ ಬೆಸೆದಿದ್ದರೆ 1943ಕ್ಕೆ ಮುಂಚಿನದು ಅಥವಾ ಆ ವರ್ಷದ್ದು. ಆಚೀಚೆ ತಿರುಗಿದರೆ ಆನಂತರದ್ದು. ಯುದ್ಧದ ನಂತರ ಯುರೋಪಿನ ಹಲವು ದೇಶಗಳು ಇದೇ ಆಕಾರದಲ್ಲಿ ಮಾಡಿದ ಹೆಲ್ಮೆಟ್‌ಗಳು ‘ವರ್ಲ್ಡ್ ವಾರ್’ ಹೆಸರಲ್ಲಿ ಮಾರಾಟವಾಗುತ್ತಿವೆ, ಜೋಪಾನ.

ಹಂತ 6: ಈಗ ಕಥೆ ಕೇಳಿ

‘ನಮ್ಮ ಮುತ್ಯಾ ಕೂತ್ ಲಡಾಯಿಗೆ ಹೋದಾಗ ಹಾಕಿದ್ದು ಇದು’ ಅಂತ ಒಬ್ಬರು ಬ್ರೋಡಿ ತೋರಿಸಿದರು ಅಂದುಕೊಳ್ಳಿ. ಮೆಸೊಪೊಟೇಮಿಯಾದ ಕೂತ್ ಅಲ್ ಅಮಾರಾದಲ್ಲಿ ಮರಾಠಾ ಪಲ್ಟನ್‌ಗಳು ಮುತ್ತಿಗೆಗೆ ಸಿಕ್ಕಿದ್ದು ನಿಜ. 1915ರ ಡಿಸೆಂಬರ್‌ನಲ್ಲಿ ಮುತ್ತಿಗೆ, 1916ರ ಏಪ್ರಿಲ್ 29ಕ್ಕೆ ಶರಣಾಗತಿ. ಆದರೆ ಆಗ ಉಕ್ಕಿನ ಹೆಲ್ಮೆಟ್ ಫ್ರಾನ್ಸಿನ ಕಂದಕಗಳಿಗೇ ಸರಿಯಾಗಿ ತಲುಪಿರಲಿಲ್ಲ, ಕೂತ್‌ನ ಸಿಪಾಯಿಗಳ ತಲೆಗೆ ಎಲ್ಲಿಂದ ಬರಬೇಕು? ಫ್ರಾನ್ಸಿಗೆ ಹೋಗಿದ್ದ ನಮ್ಮ ಪದಾತಿ ದಳಗಳೂ 1915ರ ಕೊನೆಗೆ ಅಲ್ಲಿಂದ ಹೊರಟಿದ್ದವು. ಅಜ್ಜ ಸುಳ್ಳು ಹೇಳಿದ್ದಾರೆ ಅಂತ ಇದರ ಅರ್ಥ ಅಲ್ಲ. ಅಜ್ಜ ಕೂತ್‌ನಲ್ಲಿದ್ದರು, ಹೆಲ್ಮೆಟ್ ಆಮೇಲೆ ಎಲ್ಲಿಂದಲೋ ಮನೆಗೆ ಬಂತು, ಎರಡೂ ಒಂದೇ ಟ್ರಂಕಿನಲ್ಲಿ ಕೂತು ಒಂದೇ ಕಥೆಯಾದವು.

ಇನ್ನೊಂದು ಮಾತು. ಸೈನಿಕ ನಿವೃತ್ತಿಯಾದಾಗ ಹೆಲ್ಮೆಟ್ ಉಗ್ರಾಣಕ್ಕೆ ವಾಪಸ್ ಕೊಡಬೇಕಿತ್ತು. ಯುದ್ಧ ಮುಗಿದ ಮೇಲೆ ಸರ್ಕಾರ ಉಳಿದ ಸಾಮಾನನ್ನು ಹರಾಜು ಹಾಕಿತು. ಹಳ್ಳಿಗಳಿಗೆ ಬಂದ ಎಷ್ಟೋ ಹೆಲ್ಮೆಟ್‌ಗಳು ಹಾಗೆ ಕೊಂಡವೇ. 1961ರಲ್ಲಿ ಗೋವಾ ವಿಮೋಚನೆಗೆ ಹೊರಟ ಸೇನೆಗೆ ಬೆಳಗಾವಿಯೇ ನೆಲೆಯಾಗಿತ್ತಲ್ಲ, ಹಾಗಾಗಿ ಕ್ಯಾಂಪ್ ಸುತ್ತ ಸಿಗುವ ಪ್ರತಿಯೊಂದು ಹಳೆಯ ವಸ್ತುವೂ ‘ಗೋವಾ ಲಡಾಯಿದು’!

ಕಥೆಗೆ ಆಧಾರ ಬೇಕಾದರೆ ಕಾಗದ ಕೇಳಿ. ಡಿಸ್ಚಾರ್ಜ್ ಸರ್ಟಿಫಿಕೇಟ್, ಪಿಂಚಣಿ ಪುಸ್ತಕ, ಹಳೆಯ ಫೋಟೋ. ಮೆಡಲ್ ಇದ್ದರೆ ತಿರುಗಿಸಿ ನೋಡಿ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್, ಇಟಲಿ ಸ್ಟಾರ್‌ಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳ ಹಿಂದೆ ನಂಬರು, ಹೆಸರು ಕೆತ್ತಿರುತ್ತಿತ್ತು. ಇದೊಂದು ದೊಡ್ಡ ಅನುಕೂಲ. ಮೆಡಲ್‌ನ ನಂಬರು, ಡಿಸ್ಚಾರ್ಜ್ ಕಾಗದದ ನಂಬರು ತಾಳೆಯಾಗಿ, ಸಿಪಾಯಿ ಬರ್ಮಾದಲ್ಲಿದ್ದದ್ದು ಖಚಿತವಾಗಿ, ಮನೆಯಲ್ಲಿರುವುದು ಜಪಾನಿ ಹೆಲ್ಮೆಟ್ಟೇ ಆಗಿದ್ದರೆ ಅದಕ್ಕಿಂತ ಇನ್ನೇನು ಬೇಕು? ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಹುಡುಕಬಹುದು.

ಹೆಲ್ಮೆಟ್ ಕೊಂಡರೂ ಮೆಡಲ್, ಕಾಗದಗಳನ್ನು ಆ ಮನೆಯಿಂದ ತರಬೇಡಿ. ಫೋಟೋ ಸಾಕು.

ಕಾನೂನಿನ ಮಾತು

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ ಅನ್ವಯಿಸುತ್ತದೆ. ಮೊದಲ ಮಹಾಯುದ್ಧದ ಹೆಲ್ಮೆಟ್‌ಗಳಿಗೆ ಈಗ ನೂರು ದಾಟಿದೆ. ಅಂಥ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಅನುಮಾನ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವೃತ್ತದ ಕಚೇರಿಯಲ್ಲಿ ವಿಚಾರಿಸಿ. ಈಗಿನ ಸೇನೆ ಬಳಸುವ ಹೆಲ್ಮೆಟ್, ಸಾಮಾನು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೂ ಹೋಗಬೇಡಿ. ಹೆಲ್ಮೆಟ್ ಜೊತೆ ಟ್ರಂಕಿನಲ್ಲಿ ಗುಂಡು, ಗ್ರೆನೇಡ್ ಕಂಡರೆ ಅಲ್ಲೇ ಬಿಟ್ಟು, ಎಲ್ಲರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿ.

ಮನೆಗೆ ತಂದ ಮೇಲೆ

ಆದಷ್ಟು ಏನೂ ಮಾಡಬೇಡಿ. ಒಣ ಮೆತ್ತನೆ ಬ್ರಷ್‌ನಿಂದ ಹೊರಗಿನ ಧೂಳು ತೆಗೆಯಿರಿ. ಬಣ್ಣ ಗಟ್ಟಿಯಿದ್ದರೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಿ. ಬರೀ ಉಕ್ಕು ಕಾಣುವಲ್ಲಿ ಮ್ಯೂಸಿಯಂನವರು ಬಳಸುವ ಮೇಣ ತೆಳುವಾಗಿ ಹಚ್ಚಬಹುದು. ಚರ್ಮಕ್ಕೆ ಕೊಬ್ಬರಿ ಎಣ್ಣೆ ಬೇಡ. ಕುಸುಬಿ ಎಣ್ಣೆಯಂತೂ ಖಂಡಿತ ಬೇಡ, ಅದು ಒಣಗಿ ಅಂಟಂಟಾಗಿ, ಧೂಳು ಹಿಡಿದು, ಮುಂದೆ ಯಾರೂ ತೆಗೆಯಲಾಗದ ಪದರವಾಗುತ್ತದೆ. ಹಳ್ಳಿ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಅನಾಹುತ ಇದೇ.

ವಿಜಯಪುರ, ಬಾಗಲಕೋಟೆಯ ಒಣ ಹವೆ ಉಕ್ಕಿಗೆ ಒಳ್ಳೆಯದು, ಚರ್ಮ ಮಾತ್ರ ಬಿರುಕು ಬಿಡುತ್ತದೆ. ಬೆಳಗಾವಿ, ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಆಗ ಹೆಲ್ಮೆಟನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ತೇವ ಕೂತು ಬೂಸ್ಟು ಬರುತ್ತದೆ. ಗದ್ದದ ಪಟ್ಟಿ ಹಿಡಿದು ಮೊಳೆಗೆ ನೇತು ಹಾಕಬೇಡಿ. ಒಳಗೆ ಹಳೆಯ ಬಿಳಿ ಹತ್ತಿ ಬಟ್ಟೆಯ ಉಂಡೆ ಇಟ್ಟು ಅದರ ಮೇಲೆ ಕೂರಿಸಿ, ಆಗ ಗಾದಿಯ ಮೇಲೆ ಭಾರ ಬೀಳುವುದಿಲ್ಲ.

ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಿರಿ. ಎಲ್ಲಿ, ಯಾವಾಗ, ಯಾರ ಮನೆಯಿಂದ, ಮ್ಯಾಗ್ನೆಟ್ ಎಲ್ಲಿ ಅಂಟಿತು, ಮುದ್ರೆ ಏನಿದೆ, ಮನೆಯವರು ಏನು ಹೇಳಿದರು, ಅದರಲ್ಲಿ ಕಾಗದದಿಂದ ಖಚಿತವಾದದ್ದೆಷ್ಟು, ಬರೀ ಮಾತಿನದ್ದೆಷ್ಟು ಅಂತ ಬೇರೆಬೇರೆಯಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಪೆನ್ಸಿಲಿನಲ್ಲಿ ಬರೆದು ಹತ್ತಿ ದಾರದಿಂದ ಕೊಂಡಿಗೆ ಕಟ್ಟಿ. ಚಿಪ್ಪಿನ ಒಳಗೆ ಮಾರ್ಕರ್‌ನಿಂದ ನಂಬರ್ ಹಾಕಬೇಡಿ.